ಏಳು ಗುಂಡಿ, ಹನ್ನೊಂದು ನಿಮಿಷ: ಕತ್ತಿನಲ್ಲಿ ಬೆನ್ನುಹುರಿ ಒತ್ತಿ ದುಡಿಮೆ ನಿಂತುಹೋದ ಒಬ್ಬರ ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಎಸ್. ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ವಯಸ್ಸು, ಕುಟುಂಬ ಮತ್ತು ಕೆಲಸದ ಜಾಗಕ್ಕೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ಹಾದಿಯನ್ನೂ ನಾವು ತೆಗೆದುಕೊಂಡ ನಿರ್ಧಾರಗಳನ್ನೂ ಬದಲಿಸಿಲ್ಲ. ನಾನು ಪುನರ್ವಸತಿ ವಿಭಾಗವೊಂದರಲ್ಲಿ ಫಿಸಿಯೋಥೆರಪಿಸ್ಟ್. ನಾನು ಬರೆದುಕೊಟ್ಟ ಒಂದು ಪತ್ರದಿಂದ ಎಸ್. ಅವರಿಗೆ ಸುಮಾರು ಒಂದು ವರ್ಷದ ಸಂಕಟವಾಯಿತು. ಅಂಥ ಪತ್ರಗಳನ್ನು ನನ್ನ ಸಹೋದ್ಯೋಗಿಗಳು ದಿನವೂ ಬರೆಯುತ್ತಾರೆ. ಈ ಬರಹಕ್ಕೆ ಕೈಹಾಕಲು ಅದೇ ಮುಖ್ಯ ಕಾರಣ.

ಹಿನ್ನೆಲೆ

ಎಸ್. ಇಪ್ಪತ್ತಾರು ವರ್ಷ ಲೇಥ್ ಯಂತ್ರದ ಮುಂದೆ ನಿಂತು ದುಡಿದವರು. ಉಕ್ಕಿನ ಸರಳನ್ನು ಯಂತ್ರಕ್ಕೆ ಕಚ್ಚಿಸಿ, ಅದು ತಿರುಗುವಾಗ ಹೆರೆದು, ನಕ್ಷೆಯಲ್ಲಿ ಹೇಳಿದ ಅಳತೆಗೆ ತರುವುದು ಅವರ ಕೆಲಸ. ಮೈಕ್ರೋಮೀಟರಿನಲ್ಲಿ 0.01 ಮಿ.ಮೀ.ಗಳ ಲೆಕ್ಕ ಹಿಡಿಯುವ ಕೆಲಸ ಅದು. ಅಳೆಯುವ ಮೊದಲೇ ಬೆರಳ ತುದಿಯನ್ನು ಮೇಲ್ಮೈ ಮೇಲೆ ಒಮ್ಮೆ ಆಡಿಸಿ, ಸರಿ ಬಂದಿದೆಯೋ ಇಲ್ಲವೋ ಹೇಳಬಲ್ಲವರೆಂದು ಅವರಿಗೆ ಹೆಸರಿತ್ತು. ಹೊಸದಾಗಿ ಸೇರಿದ ಹುಡುಗರನ್ನು ಮೊದಲು ಅವರ ಪಕ್ಕದಲ್ಲೇ ನಿಲ್ಲಿಸುತ್ತಿದ್ದರಂತೆ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆಸ್ಪತ್ರೆಯ ಕಡತದಲ್ಲಿ ವೃತ್ತಿ ಎಂಬ ಸಾಲಿನ ಮುಂದೆ "ಕಾರ್ಖಾನೆ ಕೆಲಸ" ಎಂದಷ್ಟೇ ಇತ್ತು. ಆ ಎರಡು ಪದಗಳನ್ನು ದಾಟಿ ಬಹುಕಾಲ ಯಾರೂ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಅವರ ಬೆರಳ ತುದಿಗಳು ಜೋಮು ಹಿಡಿಯತೊಡಗಿದವು. ಸಣ್ಣ ತಿರುಪುಗಳು ಕೈಯಿಂದ ಜಾರಿ ಬೀಳುತ್ತಿದ್ದವು. ಮಣಿಕಟ್ಟಿನಲ್ಲಿ ನರ ಒತ್ತಿದೆ, ಕಾರ್ಪಲ್ ಟನೆಲ್ ತೊಂದರೆ ಇರಬೇಕು ಎಂದು ಮೊದಲು ನೋಡಿದ ವೈದ್ಯರು ಹೇಳಿದರು. ನರದ ಪರೀಕ್ಷೆಯಲ್ಲಿ ಬಲಗೈಯ ಸಂದೇಶವಾಹಕತೆ ಸ್ವಲ್ಪ ನಿಧಾನವೂ ಇತ್ತು. ಐದು ತಿಂಗಳು ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗಿದರು. ಆಮೇಲೆ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. ಗಾಯ ಚೆನ್ನಾಗಿ ಮಾಯಿತು, ಕೈ ಮಾತ್ರ ಮೊದಲಿನಂತೆಯೇ ಉಳಿಯಿತು.

ಆ ರೋಗನಿರ್ಣಯಕ್ಕೆ ಹೊಂದದ ಎರಡು ಸಂಗತಿಗಳು ಆಗಲೇ ಕಣ್ಣೆದುರಿಗಿದ್ದವು. ಕಾರ್ಪಲ್ ಟನೆಲ್‌ನಲ್ಲಿ ಒತ್ತುವ ನರವು ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಸ್ಪರ್ಶ ಕೊಡುತ್ತದೆ, ಕಿರುಬೆರಳಿಗೆ ಕೊಡುವುದಿಲ್ಲ. ಎಸ್. ಅವರ ಕಿರುಬೆರಳೂ ಜೋಮು ಹಿಡಿದಿತ್ತು, ಅದೂ ಎರಡೂ ಕೈಗಳಲ್ಲಿ. ಜೊತೆಗೆ ಅವರ ಕಾಲು ಬಿಗಿಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಹಿಡಿಯಲು ಕಂಬಿ ಹುಡುಕುತ್ತಿದ್ದರು. ಅದಕ್ಕೆ ಬೇರೊಬ್ಬ ವೈದ್ಯರನ್ನು ಕಂಡರು. ಅವರು ಮಂಡಿ ಸವೆತ ಎಂದು ಮಾತ್ರೆ ಕೊಟ್ಟರು. ಕೈಯನ್ನು ಒಬ್ಬರು ನೋಡಿದರು, ಕಾಲನ್ನು ಇನ್ನೊಬ್ಬರು. ಎರಡೂ ಒಂದೇ ಜಾಗದಿಂದ ಕೆಟ್ಟಿರಬಹುದು ಎಂಬ ಯೋಚನೆ ಯಾರಿಗೂ ಬರಲಿಲ್ಲ, ಏಕೆಂದರೆ ಅವರಿಗೆ ಕತ್ತು ನೋವೇ ಇರಲಿಲ್ಲ.

ಕತ್ತು ನೋಯದಿದ್ದರೂ ಕತ್ತಿನಲ್ಲಿ ಬೆನ್ನುಹುರಿ ನಜ್ಜಬಹುದು ಎಂಬುದನ್ನು ಜೋರಾಗಿ ಹೇಳಬೇಕಾಗಿದೆ. ವಯಸ್ಸಿನೊಂದಿಗೆ ಡಿಸ್ಕ್ ಸವೆದು ಉಬ್ಬುತ್ತದೆ, ಮೂಳೆಯ ಅಂಚಿನಲ್ಲಿ ಮುಳ್ಳು ಬೆಳೆಯುತ್ತದೆ, ಒಳಗಿನ ಅಸ್ಥಿರಜ್ಜು ದಪ್ಪವಾಗುತ್ತದೆ. ಎಲ್ಲವೂ ಸೇರಿ ಹುರಿ ಹಾದುಹೋಗುವ ಕೊಳವೆಯನ್ನು ಕಿರಿದು ಮಾಡುತ್ತವೆ. ಹೀಗೆ ಒತ್ತಿ ಹುರಿ ಕೆಡುವುದಕ್ಕೆ ಸರ್ವೈಕಲ್ ಮೈಲೋಪಥಿ ಎನ್ನುತ್ತಾರೆ. ವಯಸ್ಕರಲ್ಲಿ ಬೆನ್ನುಹುರಿ ಕೆಲಸ ಕೆಡುವುದಕ್ಕೆ ಇದೇ ಅತಿ ಸಾಮಾನ್ಯ ಕಾರಣ. ಆದರೂ ಮೊದಲ ಲಕ್ಷಣದಿಂದ ಸರಿಯಾದ ಹೆಸರು ಸಿಗುವವರೆಗೆ ಎರಡು ವರ್ಷ ಹಿಡಿಯುವುದು ಅಪರೂಪವಲ್ಲ, ನಡುವೆ ಕಾರ್ಪಲ್ ಟನೆಲ್ ಎಂಬ ಹೆಸರು ಪಡೆಯುವುದಂತೂ ಬಹಳ ಸಾಮಾನ್ಯ. ಎಸ್. ಅವರ ವಿಷಯದಲ್ಲಿ ಇಪ್ಪತ್ತೆರಡು ತಿಂಗಳು ಹಿಡಿಯಿತು.

ಮೊದಲ ತಿರುವು

ತಿರುವು ಬಂದದ್ದು ಒಬ್ಬ ಕಿರಿಯ ವೈದ್ಯರಿಂದ. ಎಸ್. ಮಂಡಿಗೆ ಮಾತ್ರೆ ಮುಂದುವರಿಸಲೆಂದು ಹೋಗಿದ್ದರು. ವೈದ್ಯರು ಮಂಡಿಯನ್ನು ಮುಟ್ಟುವ ಮೊದಲು, ಒಂದು ಹಿಮ್ಮಡಿಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ನೇರ ಗೆರೆಯ ಮೇಲೆ ನಡೆಯಿರಿ ಎಂದರು. ಮೂರನೇ ಹೆಜ್ಜೆಗೆ ಎಸ್. ಗೋಡೆ ಹಿಡಿದರು. ಆಮೇಲೆ ವೈದ್ಯರು ಅವರ ಮಧ್ಯದ ಬೆರಳಿನ ತುದಿಯನ್ನು ಉಗುರಿನ ಬಳಿ ಚಿಮ್ಮಿಸಿದರು. ಹೆಬ್ಬೆರಳು ತಾನಾಗಿ ಒಳಗೆ ಮಡಚಿತು. ಬೆನ್ನುಹುರಿ ಒತ್ತಿರಬಹುದು ಎಂಬುದರ ಸುಳಿವು ಇದು, ಹಾಫ್‌ಮನ್ ಚಿಹ್ನೆ ಎನ್ನುತ್ತಾರೆ. ಗದ್ದವನ್ನು ಎದೆಗೆ ತಾಗಿಸಿದಾಗ ಏನಾದರೂ ಆಗುತ್ತದೆಯೇ ಎಂದು ಕೇಳಿದಾಗ, ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗುತ್ತದೆ, ಹಲವು ತಿಂಗಳಿಂದ ಹಾಗಿದೆ ಎಂದರು ಎಸ್. ಅದೂ ಅಂಥದೇ ಸುಳಿವು, ಲೆರ್ಮಿಟ್ ಚಿಹ್ನೆ. "ಮೊದಲೇ ಏಕೆ ಹೇಳಲಿಲ್ಲ?" ಎಂದರೆ, "ಯಾರೂ ಕೇಳಲಿಲ್ಲ" ಎಂದರಂತೆ. ಈ ಮೂರು ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ. ಎಲ್ಲಾ ಸೇರಿ ನಾಲ್ಕು ನಿಮಿಷ ಸಾಕು.

ಎಂಆರ್‌ಐಯಲ್ಲಿ ಕತ್ತಿನ ನಾಲ್ಕನೇ ಮತ್ತು ಆರನೇ ಮೂಳೆಗಳ ನಡುವಿನ ಎರಡು ಹಂತಗಳಲ್ಲಿ ಹುರಿ ಚಪ್ಪಟೆಯಾಗಿತ್ತು. ಹುರಿಯ ಒಳಗೇ ಒಂದು ಬಿಳಿ ಮಚ್ಚೆ ಇತ್ತು, ಎಂದರೆ ಒತ್ತಡ ಹುರಿಗೆ ಪೆಟ್ಟು ಕೊಟ್ಟಾಗಿತ್ತು. ಎಸ್. ಕೇಳಿದ ಮೊದಲ ಪ್ರಶ್ನೆ: "ಎಷ್ಟು ಮಿಲಿಮೀಟರ್ ಇರಬೇಕು, ಎಷ್ಟಿದೆ?" ಕತ್ತಿನ ಕೊಳವೆ ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ ಸುಮಾರು 17 ಮಿ.ಮೀ. ಇರುತ್ತದೆ. 10ಕ್ಕಿಂತ ಕಡಿಮೆಯಾದರೆ ತೀವ್ರ ಕಿರಿದಾಗುವಿಕೆ. ಅವರದು ಅತಿ ಕಿರಿದಾದ ಕಡೆ 8 ಇತ್ತು. ಅವರು ಒಂದು ಕ್ಷಣ ಸುಮ್ಮನಿದ್ದು, "ಅರ್ಥವಾಯಿತು" ಎಂದರಂತೆ. ತಮ್ಮ ಕಾಯಿಲೆಯನ್ನು ಅವರ ಭಾಷೆಯಲ್ಲೇ ಅವರಿಗೆ ಹೇಳಿದ್ದು ಅದೊಂದೇ ಸಲ ಎಂದು ಅವರ ಹೆಂಡತಿ ನನಗೆ ಬಹಳ ದಿನಗಳ ನಂತರ ಹೇಳಿದರು.

ಈ ಕಾಯಿಲೆಯ ತೀವ್ರತೆಯನ್ನು 18 ಅಂಕಗಳ ಒಂದು ಮಾಪನದಿಂದ ಅಳೆಯುತ್ತಾರೆ. ಜಪಾನಿನ ಮೂಳೆ ವೈದ್ಯರ ಸಂಘದ ಮಾಪನವನ್ನು ಮಾರ್ಪಡಿಸಿದ ರೂಪ ಅದು. ಕೈಯ ಚಲನೆಗೆ 5, ಕಾಲಿನ ಚಲನೆಗೆ 7, ಕೈಯ ಸ್ಪರ್ಶಕ್ಕೆ 3, ಮೂತ್ರದ ಹಿಡಿತಕ್ಕೆ 3. 15ರಿಂದ 17 ಎಂದರೆ ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಕಡಿಮೆ ಇದ್ದರೆ ತೀವ್ರ. ಎಸ್. ಅವರದು 3, 4, 1, 3, ಒಟ್ಟು 11. ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕೆಂದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮೂರು ವಾರಗಳೊಳಗೆ ಕತ್ತಿನ ಮುಂಭಾಗದಿಂದ ಶಸ್ತ್ರಚಿಕಿತ್ಸೆ ನಡೆಯಿತು. ಎರಡು ಡಿಸ್ಕ್‌ಗಳನ್ನು ತೆಗೆದು, ಮೂಳೆಗಳನ್ನು ತಗಡು ಮತ್ತು ತಿರುಪುಗಳಿಂದ ಬೆಸೆದರು. ಕೆಲವು ವಾರ ನುಂಗಲು ಕಷ್ಟವಾಗಿತ್ತು. ಅದು ಬಿಟ್ಟರೆ ಚೇತರಿಕೆ ಸುಗಮವಾಗಿತ್ತು.

ಶಸ್ತ್ರಚಿಕಿತ್ಸಕರು ಮುಂಚೆಯೇ ಸ್ಪಷ್ಟವಾಗಿ ಹೇಳಿದ್ದರು: ಇನ್ನಷ್ಟು ಕೆಡದಂತೆ ತಡೆಯುವುದು ಮೊದಲ ಗುರಿ, ಕಳೆದುಹೋದದ್ದು ಎಷ್ಟು ಮರಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಎಸ್. ಆ ಮಾತನ್ನು ಕೇಳಿದ್ದರು, ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದ್ದರು. ಮನಸ್ಸು ಮಾತ್ರ ಬೇರೆ ಲೆಕ್ಕ ಹಾಕುತ್ತಿತ್ತು. ಮನೆಯವರೂ ನಾವೂ ಅದೇ ಲೆಕ್ಕದಲ್ಲಿದ್ದೆವು.

ನಾವು ಮಾಡಿದ ಪ್ರಯತ್ನ

ಶಸ್ತ್ರಚಿಕಿತ್ಸೆಯಾದ ಆರನೇ ವಾರ ಅವರು ನನ್ನ ಬಳಿ ಬಂದರು. ಸಮತೋಲನ, ನಡಿಗೆ, ಬೆರಳಿನ ಸೂಕ್ಷ್ಮ ಚಲನೆ, ಭುಜದ ಬಲ ಎಂದು ಎಲ್ಲವನ್ನೂ ಅಭ್ಯಾಸ ಮಾಡಿಸಿದೆ. ಅವರಂಥ ಶ್ರದ್ಧಾವಂತ ರೋಗಿಯನ್ನು ನಾನು ಕಂಡದ್ದು ಕಡಿಮೆ. ಹತ್ತು ಸಲ ಹೇಳಿದ್ದನ್ನು ಇಪ್ಪತ್ತು ಸಲ ಮಾಡುತ್ತಿದ್ದರು. ಆರನೇ ತಿಂಗಳಿನಲ್ಲಿ ಮತ್ತೆ ಅಂಕ ಹಾಕಿದೆ: 3, 5, 2, 3. ಒಟ್ಟು 13. ತೀವ್ರದಿಂದ ಮಧ್ಯಮಕ್ಕೆ ಏರಿಕೆ. ನಾವೆಲ್ಲ ಸಂತೋಷಪಟ್ಟೆವು.

ಈಗ ಆ ಅಂಕಗಳನ್ನು ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ಕಾಲು ಒಂದು ಅಂಕ ಗಳಿಸಿತ್ತು, ಸ್ಪರ್ಶ ಒಂದು ಅಂಕ ಗಳಿಸಿತ್ತು. ಕೈ ಮೂರರಲ್ಲೇ ನಿಂತಿತ್ತು. ಆ ಮಾಪನದಲ್ಲಿ ಮೂರು ಎಂದರೆ "ಅಂಗಿಯ ಗುಂಡಿಯನ್ನು ಬಹಳ ಕಷ್ಟದಿಂದ ಹಾಕಬಲ್ಲರು". ಒಟ್ಟು ಮೊತ್ತ ಏರಿತ್ತು, ಅವರ ವೃತ್ತಿ ಇದ್ದ ಜಾಗ ಕದಲಿರಲಿಲ್ಲ. ಅಂಕಗಳನ್ನು ಕೂಡಿದ ಕೂಡಲೇ ಆ ಮಾಹಿತಿ ಮೊತ್ತದೊಳಗೆ ಮುಚ್ಚಿಹೋಯಿತು.

ಏಳನೇ ತಿಂಗಳಿನಲ್ಲಿ ಎಸ್. ಕೆಲಸಕ್ಕೆ ಮರಳುತ್ತೇನೆಂದರು. ಲೇಥ್ ಮುಂದೆ ನಿಲ್ಲುವುದು ಆಗದು ಎಂದು ಅವರಿಗೂ ಗೊತ್ತಿತ್ತು. ಮಾಲೀಕರು ಒಳ್ಳೆಯ ಮನಸ್ಸಿನವರು, ಗುಣಮಟ್ಟ ತಪಾಸಣೆಯ ವಿಭಾಗದಲ್ಲಿ ಕುಳಿತು ಮಾಡುವ ಕೆಲಸ ಕೊಡಲು ಒಪ್ಪಿದರು. ವೈದ್ಯಕೀಯ ಪತ್ರ ಬೇಕೆಂದರು. ನಾನು ಬರೆದುಕೊಟ್ಟೆ: "ಕುಳಿತು ಮಾಡುವ ಹಗುರ ಕೆಲಸಕ್ಕೆ ಅರ್ಹರಾಗಿದ್ದಾರೆ." ಒಂದೇ ವಾಕ್ಯ. ಆ ಕೆಲಸದಲ್ಲಿ ಏನೇನು ಮಾಡಬೇಕು ಎಂದು ನಾನು ಕೇಳಲಿಲ್ಲ. ಎಷ್ಟು ಗಂಟೆ ಎಂದು ಬರೆಯಲಿಲ್ಲ. ಕುಳಿತು ಮಾಡುವ ಕೆಲಸ ಎಂದರೆ ಹಗುರ ಎಂದು ನಾನು ಹೇಗೆ ಅಷ್ಟು ಸುಲಭವಾಗಿ ನಂಬಿದೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ತಪಾಸಣೆಯ ಮೇಜಿನ ಮುಂದೆ ಕುಳಿತವರು ದಿನವಿಡೀ ಕತ್ತು ಬಗ್ಗಿಸಿರಬೇಕು. ಎರಡು ಹಂತಗಳಲ್ಲಿ ಬೆಸೆದ ಕತ್ತು ಬಗ್ಗುವಾಗ, ಬೆಸೆಯದ ಮೇಲಿನ ಕೆಳಗಿನ ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ. ಸಣ್ಣ ಭಾಗಗಳನ್ನು ಹಿಡಿದು, ತಿರುಗಿಸಿ, ಅಳತೆಯ ಉಪಕರಣದಲ್ಲಿ ಇಟ್ಟು, ತೆಗೆದು, ಬೇರ್ಪಡಿಸಬೇಕು. ಪ್ರತಿಯೊಂದೂ ಬೆರಳ ತುದಿಯ ಕೆಲಸವೇ. ಹುರಿಗೆ ಪೆಟ್ಟಾದ ಕೈ ಹತ್ತು ನಿಮಿಷ ಸರಿಯಾಗಿ ಕೆಲಸ ಮಾಡಿ, ನಲವತ್ತನೇ ನಿಮಿಷಕ್ಕೆ ಮರಗಟ್ಟಿದಂತಾಗುತ್ತದೆ. ಜೊತೆಗೆ ಭುಜದಿಂದ ಮುಂಗೈವರೆಗೆ ಉರಿ. ಆ ನರದ ಉರಿಗೆ ಗ್ಯಾಬಪೆಂಟಿನ್ ಕೊಟ್ಟಿದ್ದರು. ಅದು ತೂಕಡಿಕೆ ತರುತ್ತದೆ, ಮೊದಲೇ ಸರಿಯಿಲ್ಲದ ಸಮತೋಲನವನ್ನು ಇನ್ನಷ್ಟು ಅಲುಗಿಸುತ್ತದೆ. ಎಚ್ಚರವಾಗಿರಲೆಂದು ಎಸ್. ಹಗಲಿನ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟರು. ಉರಿ ಮರಳಿತು. ಮತ್ತೆ ತೆಗೆದುಕೊಂಡರು. ತೂಕಡಿಕೆ ಮರಳಿತು.

ದಿನಕ್ಕೆ ನಾಲ್ಕು ಗಂಟೆಯಿಂದ ಆರಂಭಿಸಿ ಆರು ವಾರಗಳಲ್ಲಿ ಎಂಟು ಗಂಟೆಗೆ ಏರಿದರು. ಪ್ರತಿ ಭೇಟಿಯಲ್ಲೂ "ಚೆನ್ನಾಗಿದೆ" ಎನ್ನುತ್ತಿದ್ದರು. ನನಗೆ ಕಾಣದೇ ಇದ್ದದ್ದು ಮನೆಯಲ್ಲಿ ನಡೆಯುತ್ತಿತ್ತು. ಸಂಜೆ ಬಂದವರೇ ಬಟ್ಟೆ ಬದಲಿಸದೆ ನೆಲದ ಮೇಲೆ ಮಲಗುತ್ತಿದ್ದರು. ಮಗಳ ಮಾತಿಗೆ ಉತ್ತರ ಕೊಡಲೂ ಶಕ್ತಿ ಇರುತ್ತಿರಲಿಲ್ಲ. ರಜೆಯ ದಿನವೆಲ್ಲ ಹಾಸಿಗೆಯಲ್ಲೇ ಕಳೆಯುತ್ತಿತ್ತು. ಸ್ನಾನದ ಕೋಣೆಯಲ್ಲಿ ಎರಡು ಸಲ ಬಿದ್ದಿದ್ದರು, ಅದನ್ನು ಹೆಂಡತಿಯಿಂದಲೂ ಮುಚ್ಚಿಟ್ಟಿದ್ದರು.

ಹದಿನಾಲ್ಕು ಭಾಗಗಳು

ಒಂಬತ್ತನೇ ವಾರ, ಎಸ್. ತಪಾಸಣೆ ಮಾಡಿ ಸರಿಯಿದೆ ಎಂದು ಕಳಿಸಿದ ಒಂದು ಕಟ್ಟಿನಿಂದ ಹದಿನಾಲ್ಕು ಭಾಗಗಳು ಹಿಂದಿರುಗಿದವು. ಅಳತೆ ಮೀರಿದ್ದವು. ಮೇಲ್ವಿಚಾರಕರು ಬೈಯಲಿಲ್ಲ, ಸಂಜೆಯವರೆಗೆ ಕಾದು, ಎಲ್ಲರೂ ಹೋದ ಮೇಲೆ ಆ ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆ ಇಟ್ಟರು. ಮರುದಿನ ಎಸ್. ನನ್ನ ಬಳಿ ಬಂದರು. ಬೀಳುವ ವಿಷಯ, ಉರಿಯ ವಿಷಯ, ಬಿಟ್ಟ ಮಾತ್ರೆಯ ವಿಷಯ ಎಲ್ಲವನ್ನೂ ಅಂದೇ ಹೇಳಿದರು. ಕೊನೆಗೆ ಕೈಯನ್ನು ಮೇಜಿನ ಮೇಲೆ ಚಾಚಿ, "ಮೇಡಂ, ನನ್ನ ಬೆರಳು ನನಗೆ ಸುಳ್ಳು ಹೇಳುತ್ತಿದೆ" ಎಂದರು.

ನನ್ನ ವೃತ್ತಿಜೀವನದಲ್ಲಿ ನೋವಿನ ಬಗ್ಗೆ ಸಾವಿರಾರು ಮಾತು ಕೇಳಿದ್ದೇನೆ. ಆ ಮಾತು ನೋವಿನದಾಗಿರಲಿಲ್ಲ. ತನ್ನ ವಿದ್ಯೆ ತನ್ನಿಂದ ಹೊರಟುಹೋದದ್ದನ್ನು ಕಂಡುಕೊಂಡವರ ಮಾತು ಅದು. ಅವರು ಕೆಲಸ ಬಿಟ್ಟದ್ದು ಬಿದ್ದದ್ದರಿಂದಲ್ಲ, ಉರಿಯಿಂದಲೂ ಅಲ್ಲ. ಕೆಟ್ಟ ಭಾಗವೊಂದು ತಮ್ಮ ಕೈದಾಟಿ ಹೋದರೆ ಅದು ಎಲ್ಲೋ ಒಂದು ಯಂತ್ರದಲ್ಲಿ ಮುರಿಯುತ್ತದೆ, ಆ ಯಂತ್ರದ ಮುಂದೆ ಇನ್ನೊಬ್ಬರು ನಿಂತಿರುತ್ತಾರೆ ಎಂಬ ಕಾರಣಕ್ಕೆ. ಆ ನಿರ್ಧಾರವನ್ನು ಅವರೇ ತೆಗೆದುಕೊಂಡರು. ನಾವ್ಯಾರೂ ಹೇಳಲಿಲ್ಲ.

ತಿರಸ್ಕೃತ ಅರ್ಜಿ

ದುಡಿಮೆ ಕಳೆದುಕೊಂಡವರಿಗೆ ಸಿಗುವ ನೆರವಿಗೆ ಅರ್ಜಿ ಹಾಕಿದರು. ಅದಕ್ಕೊಂದು ನಮೂನೆ, ಒಂದು ಸಂದರ್ಶನ, ಒಬ್ಬ ವೈದ್ಯರ ಪರಿಶೀಲನೆ. ನಮೂನೆಯ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು: ನೂರು ಮೀಟರ್ ನಡೆಯಬಲ್ಲಿರಾ? ಐದು ಕಿಲೋ ಎತ್ತಬಲ್ಲಿರಾ? ಒಂದು ಗಂಟೆ ಕುಳಿತಿರಬಲ್ಲಿರಾ? ಅಂಗಿ ತೊಡಬಲ್ಲಿರಾ? ಎಸ್. ಪ್ರತಿಯೊಂದಕ್ಕೂ "ಹೌದು" ಎಂದು ಬರೆದರು. ಅದು ಸುಳ್ಳಾಗಿರಲಿಲ್ಲ. ಒಳ್ಳೆಯ ದಿನದ ಬೆಳಿಗ್ಗೆ ಅವರು ಅದೆಲ್ಲವನ್ನೂ ಒಮ್ಮೆ ಮಾಡಬಲ್ಲವರೇ. ಜೀವನಪೂರ್ತಿ ನಿಖರತೆಯಲ್ಲಿ ಬದುಕಿದವರು, ಆಗುವುದನ್ನು ಆಗದು ಎಂದು ಬರೆಯಲು ಅವರ ಕೈ ಒಪ್ಪಲಿಲ್ಲ. ಸಂದರ್ಶನದ ದಿನ ಹೆಚ್ಚು ಮಾತ್ರೆ ನುಂಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಟ್ಟಗೆ ಕುಳಿತರು. ಆ ಅಂಗಿಯ ಏಳು ಗುಂಡಿಗಳನ್ನು ಹಾಕಲು ಅಂದು ಬೆಳಿಗ್ಗೆ ಹನ್ನೊಂದು ನಿಮಿಷ ಹಿಡಿದಿತ್ತು. ಪರಿಶೀಲಕರಿಗೆ ಕಂಡದ್ದು ಸರಿಯಾಗಿ ಗುಂಡಿ ಹಾಕಿದ ಅಂಗಿ.

ಅರ್ಜಿ ತಿರಸ್ಕೃತವಾಯಿತು. ಕಾರಣಗಳ ಪಟ್ಟಿಯಲ್ಲಿ ಅಂಕ 11ರಿಂದ 13ಕ್ಕೆ ಏರಿದ್ದು, ಎಂಆರ್‌ಐಯಲ್ಲಿ ಹುರಿಯ ಮೇಲಿನ ಒತ್ತಡ ನಿವಾರಣೆಯಾದದ್ದು, ಕೊನೆಯಲ್ಲಿ ನನ್ನ ವಾಕ್ಯ: "ಕುಳಿತು ಮಾಡುವ ಹಗುರ ಕೆಲಸಕ್ಕೆ ಅರ್ಹರಾಗಿದ್ದಾರೆ."

ಆ ಕಾಗದವನ್ನು ಅವರ ಹೆಂಡತಿ ನನ್ನ ಮುಂದೆ ಇಟ್ಟರು. ಸಿಟ್ಟು ಮಾಡಲಿಲ್ಲ. "ನೀವು ಒಳ್ಳೆಯದಕ್ಕೇ ಬರೆದಿರಿ" ಎಂದರು. ಆ ಮಾತನ್ನು ತಡೆದುಕೊಳ್ಳುವುದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅದರ ನಂತರದ ಎರಡು ತಿಂಗಳು ಎಸ್. ವ್ಯಾಯಾಮಕ್ಕೆ ಬರಲಿಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು, ನಿದ್ದೆ ಹೋಯಿತು. ತಾನು ಸೋಮಾರಿಯಾಗಿರಬಹುದೇ ಎಂಬ ಅನುಮಾನ ಅವರಿಗೇ ಹುಟ್ಟಿತ್ತು. ವೈದ್ಯರು, ಯಂತ್ರ, ಕಚೇರಿ ಎಲ್ಲವೂ "ಸರಿಯಾಗಿದೆ" ಎನ್ನುತ್ತಿರುವಾಗ ತನ್ನ ದೇಹವೊಂದೇ ಇಲ್ಲ ಎನ್ನುತ್ತಿದ್ದರೆ ಮನುಷ್ಯ ಯಾರನ್ನು ನಂಬಬೇಕು? ಖಿನ್ನತೆಗೆ ಆಪ್ತಸಮಾಲೋಚಕರನ್ನು ಕಾಣಲು ಅವರು ಒಪ್ಪಿದ್ದು ಮಗಳ ಒತ್ತಾಯಕ್ಕೆ. ಅದರಿಂದ ಉಪಯೋಗವಾಯಿತು, ಆದರೆ ನಿಧಾನವಾಗಿ.

ಹೆಂಡತಿಯ ಪುಸ್ತಕ

ಮೇಲ್ಮನವಿಗೆ ಏನಾದರೂ ಆಧಾರ ಬೇಕು ಎಂದು ನಾನು ಹೇಳಿದಾಗ, ಅವರ ಹೆಂಡತಿ ಚೀಲದಿಂದ ಒಂದು ನೋಟುಪುಸ್ತಕ ತೆಗೆದರು. ಅರ್ಜಿಗಾಗಿ ಬರೆದದ್ದಲ್ಲ ಅದು. ಗಂಡ ಬಾಯಿಬಿಟ್ಟು ಹೇಳದಿದ್ದಾಗ, ಯಾವ ದಿನ ಹೇಗಿತ್ತು ಎಂದು ತಮಗೇ ತಿಳಿಯಲೆಂದು ಬರೆದುಕೊಂಡದ್ದು. "ಇಂದು ಗುಂಡಿಗೆ ಹನ್ನೊಂದು ನಿಮಿಷ. ಲೋಟ ಬಿತ್ತು. ಇವರು ಮಧ್ಯಾಹ್ನ ಮಲಗಿ ಏಳಲಿಲ್ಲ." ಹೀಗೆ ಪುಟಗಟ್ಟಲೆ.

ಇಡೀ ಪ್ರಕರಣದ ದಿಕ್ಕು ಬದಲಾದದ್ದು ಈ ಪುಸ್ತಕದಿಂದ. ವೈದ್ಯಕೀಯ ಕಡತದ ಯಾವ ಪುಟದಲ್ಲೂ ಕಾಲ ಇರಲಿಲ್ಲ. ಒಂದು ಕೆಲಸ ಆಗುತ್ತದೆಯೇ ಎಂದು ಬರೆದಿತ್ತು, ಎಷ್ಟು ಹೊತ್ತು ಹಿಡಿಯುತ್ತದೆ, ಅದಾದ ಮೇಲೆ ಏನಾಗುತ್ತದೆ, ನಾಳೆ ಮತ್ತೆ ಆಗುತ್ತದೆಯೇ ಎಂದು ಎಲ್ಲೂ ಇರಲಿಲ್ಲ. ದುಡಿಮೆ ಎಂದರೆ ಒಮ್ಮೆ ಮಾಡಿ ತೋರಿಸುವುದಲ್ಲ. ಒಪ್ಪುವಷ್ಟು ಸರಿಯಾಗಿ, ಒಪ್ಪುವಷ್ಟು ಸಮಯದಲ್ಲಿ, ಅಪಾಯವಿಲ್ಲದೆ, ಮರುದಿನವೂ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ಅಂಗವೈಕಲ್ಯದ ವರ್ಗೀಕರಣವು ದೇಹದ ಕ್ರಿಯೆ, ವ್ಯಕ್ತಿಯ ಚಟುವಟಿಕೆ, ಬದುಕಿನಲ್ಲಿ ಭಾಗವಹಿಸುವಿಕೆ ಎಂದು ಮೂರನ್ನು ಬೇರೆ ಬೇರೆಯಾಗಿ ನೋಡಬೇಕು ಎನ್ನುತ್ತದೆ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಎಸ್. ಅವರ ಪತ್ರ ಬರೆಯುವಾಗ ಮೊದಲನೆಯದನ್ನು ಅಳೆದು ಮೂರನೆಯದರ ಬಗ್ಗೆ ತೀರ್ಪು ಕೊಟ್ಟಿದ್ದೆ.

ನಾವು ಆ ಪುಸ್ತಕಕ್ಕೆ ಒಂದು ಕ್ರಮ ಕೊಟ್ಟೆವು. ಪ್ರತಿ ಕೆಲಸಕ್ಕೂ ಆರಂಭಿಸಿದ ಸಮಯ, ನಿಲ್ಲಿಸಿದ ಸಮಯ, ನಿಲ್ಲಿಸಿದ ಕಾರಣ, ಆಮೇಲೆ ಎಷ್ಟು ಹೊತ್ತು ಮಲಗಬೇಕಾಯಿತು, ಮರುದಿನ ಹೇಗಿತ್ತು. ಒಳ್ಳೆಯ ದಿನವನ್ನೂ ಬಿಡಬಾರದು ಎಂದು ನಾನು ಪಟ್ಟುಹಿಡಿದೆ. ಕೆಟ್ಟ ದಿನಗಳನ್ನಷ್ಟೇ ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇಪ್ಪತ್ತೊಂದು ದಿನ ಬರೆದರು. ಎರಡು ಗಂಟೆ ಕುಳಿತು ಏನಾದರೂ ಮಾಡಲು ಸಾಧ್ಯವಾದ ದಿನಗಳು ಒಂಬತ್ತು. ಅಂಥ ದಿನಗಳು ಸತತವಾಗಿ ಬಂದದ್ದು ಹೆಚ್ಚೆಂದರೆ ಎರಡು. ಯಾವ ದಿನ ಒಳ್ಳೆಯದಾಗುತ್ತದೆ ಎಂದು ಹಿಂದಿನ ರಾತ್ರಿ ಊಹಿಸಿ ಬರೆಯಲು ಹೇಳಿದ್ದೆ. ಆ ಊಹೆ ಅರ್ಧದಷ್ಟು ಸಲ ತಪ್ಪಿತ್ತು. ಮಾಲೀಕರು ಎಷ್ಟೇ ಒಳ್ಳೆಯವರಾದರೂ, ನಾಳೆ ಬರುತ್ತೇನೋ ಇಲ್ಲವೋ ತನಗೇ ಗೊತ್ತಿಲ್ಲದವರಿಗೆ ಯಾವ ಕೆಲಸ ಕೊಡಬಲ್ಲರು?

ಅದರ ಜೊತೆಗೆ ಎರಡು ದಿನಗಳ ಸಾಮರ್ಥ್ಯ ಪರೀಕ್ಷೆ ಮಾಡಿದೆವು. ಒಂದೇ ದಿನ ಮಾಡುವುದು ವಾಡಿಕೆ. ಎರಡನೇ ದಿನ ಬೇಕೆಂದು ನಾನು ಕೇಳಿಕೊಂಡೆ, ವಿಭಾಗದ ಮುಖ್ಯಸ್ಥರು ಒಪ್ಪಿದರು. ಒಂದು ಸರಳ ಪರೀಕ್ಷೆ ಇದೆ: ಮುಷ್ಟಿ ಕಟ್ಟಿ ಪೂರ್ತಿ ಬಿಡಿಸುವುದು, ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎಂದು ಎಣಿಸುವುದು. ಆರೋಗ್ಯವಂತರು ಇಪ್ಪತ್ತು ಸಲವಾದರೂ ಮಾಡುತ್ತಾರೆ. ಮೊದಲ ದಿನ ಬೆಳಿಗ್ಗೆ ಎಸ್. ಹದಿಮೂರು ಮಾಡಿದರು. ಸಣ್ಣ ತಿರುಪುಗಳನ್ನು ನಲವತ್ತು ನಿಮಿಷ ಬೇರ್ಪಡಿಸಿದ ಮೇಲೆ ಎಂಟು. ಎರಡನೇ ದಿನ ಬೆಳಿಗ್ಗೆ ಮುಷ್ಟಿಯ ಎಣಿಕೆ ಒಂಬತ್ತರಿಂದಲೇ ಆರಂಭವಾಯಿತು, ತಿರುಪು ಬೇರ್ಪಡಿಸುವುದನ್ನು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಬೇಕಾಯಿತು.

ಹೊಸ ಪತ್ರವನ್ನು ನಾನು ನಾಲ್ಕು ಸಲ ತಿದ್ದಿ ಬರೆದೆ. "ಅರ್ಹರು", "ಅನರ್ಹರು" ಎಂಬ ಪದಗಳನ್ನು ಬಳಸಲಿಲ್ಲ. ಯಾವ ಕೆಲಸ, ಎಷ್ಟು ನಿಮಿಷ, ಎಷ್ಟು ತಪ್ಪು, ಎಷ್ಟು ವಿಶ್ರಾಂತಿ, ಮರುದಿನದ ಸ್ಥಿತಿ ಎಂದು ಬರೆದೆ. ಔಷಧದ ಪರಿಣಾಮವನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆದೆ. ಮೊದಲಿನ ಪತ್ರದಲ್ಲಿ ಕೆಲಸದ ಸ್ವರೂಪವನ್ನು ಪರಿಶೀಲಿಸದೆ ಅಭಿಪ್ರಾಯ ಕೊಟ್ಟಿದ್ದೆ, ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದೂ ಬರೆದು ಸಹಿ ಹಾಕಿದೆ. ಹಾಗೆ ಬರೆಯಬೇಡ, ನಿನ್ನ ಮಾತಿಗೇ ಬೆಲೆ ಇಲ್ಲದಂತಾಗುತ್ತದೆ ಎಂದು ಒಬ್ಬ ಹಿರಿಯ ಸಹೋದ್ಯೋಗಿ ಎಚ್ಚರಿಸಿದರು. ಅವರ ಕಾಳಜಿ ನಿಜವಾದದ್ದೇ. ಆದರೆ ಆ ವಾಕ್ಯ ಕಡತದಲ್ಲಿ ಹಾಗೆಯೇ ಉಳಿದರೆ ಹೊಸ ಪತ್ರಕ್ಕೆ ಯಾವ ಬೆಲೆಯೂ ಇರುತ್ತಿರಲಿಲ್ಲ.

ಐದು ತಿಂಗಳ ನಂತರ ಮೇಲ್ಮನವಿ ಅಂಗೀಕೃತವಾಯಿತು.

ಆಮೇಲೆ

ಎಸ್. ಕೆಲಸಕ್ಕೆ ಮರಳಲಿಲ್ಲ. ಇದನ್ನು ಸೋಲು ಎಂದು ಬರೆಯಲು ನನಗೆ ಮನಸ್ಸಿಲ್ಲ, ಗೆಲುವು ಎಂದು ಬಣ್ಣ ಹಚ್ಚಲೂ ಮನಸ್ಸಿಲ್ಲ. ಪುನರ್ವಸತಿ ಎಂದರೆ ಕೆಲಸಕ್ಕೆ ಮರಳಿಸುವುದು ಎಂಬ ಒಂದೇ ಗುರಿ ಇಟ್ಟುಕೊಂಡಿದ್ದವಳು ನಾನು. ಆ ಗುರಿಯನ್ನು ಅವರೊಂದಿಗೆ ಮಾತಾಡಿ ಇಟ್ಟದ್ದಲ್ಲ, ಅವರ ಆಸೆಯೂ ನನ್ನ ಆಸೆಯೂ ಒಂದೇ ಆಗಿದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ಕೆಲಸ ಆಗದು ಎಂಬುದು ಕಾಗದದ ಮೇಲೆ ಬಂದ ಮೇಲೆ, ಅವರು ಮತ್ತೆ ವ್ಯಾಯಾಮಕ್ಕೆ ಬರತೊಡಗಿದರು. ಮೊದಲು ನನಗೆ ಆಶ್ಚರ್ಯವಾಯಿತು. ಆಮೇಲೆ ಅವರೇ ಹೇಳಿದರು: ಅಲ್ಲಿಯವರೆಗೆ ಪ್ರತಿ ವ್ಯಾಯಾಮವೂ ಅವರಿಗೆ ಒಂದು ಪರೀಕ್ಷೆಯಾಗಿತ್ತು. ಚೆನ್ನಾಗಿ ಮಾಡಿದರೆ ಕೆಲಸಕ್ಕೆ ಹೋಗು ಎನ್ನುತ್ತಾರೆ, ಮಾಡದಿದ್ದರೆ ಪ್ರಯತ್ನವಿಲ್ಲ ಎನ್ನುತ್ತಾರೆ. ಎರಡೂ ಕಡೆ ಭಯ. ಆ ಭಯ ಹೋದ ಮೇಲೆ ವ್ಯಾಯಾಮ ಬರಿಯ ವ್ಯಾಯಾಮವಾಯಿತು.

ಹಳೆಯ ಅಭ್ಯಾಸವೊಂದನ್ನು ಬಿಡಿಸಲು ಬಹಳ ಕಾಲ ಹಿಡಿಯಿತು. ಒಳ್ಳೆಯ ದಿನ ಬಂದರೆ ಬಾಕಿ ಇದ್ದ ಎಲ್ಲ ಕೆಲಸವನ್ನೂ ಒಂದೇ ದಿನ ಮುಗಿಸಿ, ಮೂರು ದಿನ ಮಲಗುತ್ತಿದ್ದರು. ಈಗ ಗಡಿಯಾರ ಇಟ್ಟುಕೊಂಡು ಇಪ್ಪತ್ತೈದು ನಿಮಿಷಕ್ಕೆ ಏಳುತ್ತಾರೆ, ನೋವಿರಲಿ ಇಲ್ಲದಿರಲಿ. ಹದವಾಗಿರುವಾಗಲೇ ನಿಲ್ಲಿಸುವುದು ದುಡಿದು ಬದುಕಿದವರಿಗೆ ಅತಿ ಕಷ್ಟದ ಪಾಠ. ಗ್ಯಾಬಪೆಂಟಿನ್‌ನ ಹೆಚ್ಚಿನ ಪಾಲನ್ನು ವೈದ್ಯರು ರಾತ್ರಿಗೆ ಸರಿಸಿದರು. ಹಗಲು ಸ್ವಲ್ಪ ಉರಿ ಉಳಿಯುತ್ತದೆ, ತಲೆ ತಿಳಿಯಾಗಿರುತ್ತದೆ. ಯಾವುದನ್ನು ಸಹಿಸುವುದು, ಯಾವುದನ್ನು ಬಿಡುವುದು ಎಂಬ ಆಯ್ಕೆ ಅವರದೇ. ಸ್ನಾನದ ಕೋಣೆಗೆ ಹಿಡಿಕೆ ಹಾಕಿಸಿದರು. ಗುಂಡಿಗೆ ತಂತಿಯ ಕೊಕ್ಕೆಯೊಂದನ್ನು ಬಳಸುತ್ತಾರೆ, ಈಗ ನಾಲ್ಕು ನಿಮಿಷ ಸಾಕು. ಆ ಕೊಕ್ಕೆಯ ಹಿಡಿಯನ್ನು ದಪ್ಪವಾಗಿಸಲು ಹೇಗೆ ಕಡೆಯಬೇಕೆಂದು ಅವರೇ ಗೆರೆ ಎಳೆದು ಕೊಟ್ಟರು, ಹಳೆಯ ಶಿಷ್ಯನೊಬ್ಬ ಮಾಡಿಕೊಟ್ಟ. ಅಂಥ ಹುಡುಗರು ತಿಂಗಳಿಗೆ ಒಂದೆರಡು ಸಲ ನಕ್ಷೆ ಹಿಡಿದು ಮನೆಗೆ ಬರುತ್ತಾರೆ. ಕೆಲವು ಸಲ ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬೇಕಾಗುತ್ತದೆ. ಅದನ್ನು ಕಳಿಸುವವರು ಹೆಂಡತಿ. ಆ ಹೊರೆ ಅವರ ಮೇಲಿದೆ, ನಮ್ಮ ಯಾವ ನಮೂನೆಯಲ್ಲೂ ಅದಕ್ಕೊಂದು ಸಾಲಿಲ್ಲ.

ಎಚ್ಚರದ ಮಾತೊಂದನ್ನು ಇಲ್ಲಿ ಸೇರಿಸಬೇಕು. ಬೆಸೆದ ಮೂಳೆಗಳ ಮೇಲಿನ ಕೆಳಗಿನ ಹಂತಗಳು ವರ್ಷಗಳ ನಂತರ ಸವೆಯಬಹುದು. ಕೈ ಹೊಸದಾಗಿ ಎಡವಲು ಆರಂಭಿಸಿದರೆ, ನಡಿಗೆ ಮತ್ತೆ ಬಿಗಿದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯದೆ ಬರಬೇಕೆಂದು ಇಬ್ಬರಿಗೂ ಬರೆದುಕೊಟ್ಟಿದ್ದೇನೆ. ದೀರ್ಘಕಾಲದ ಕಾಯಿಲೆಯಲ್ಲಿ ಇದೆಲ್ಲ ಹಳೆಯದೇ ಎಂದು ಸುಮ್ಮನಾಗುವ ಅಪಾಯ ರೋಗಿಗೂ ಇದೆ, ನಮಗೂ ಇದೆ.

ಈಗ ನಾನು ಯಾವ ಪತ್ರ ಬರೆಯುವ ಮೊದಲೂ ರೋಗಿಯನ್ನು ಕೇಳುತ್ತೇನೆ: ನಿಮ್ಮ ಕೆಲಸದ ಒಂದು ದಿನವನ್ನು ಬೆಳಿಗ್ಗೆಯಿಂದ ಹೇಳಿ, ಕೈ ಏನು ಮಾಡುತ್ತದೆ, ಕತ್ತು ಎಲ್ಲಿರುತ್ತದೆ, ತಪ್ಪಾದರೆ ಯಾರಿಗೆ ಏನಾಗುತ್ತದೆ. ಮನೆಯವರನ್ನು ಬೇರೆಯಾಗಿ ಕೂರಿಸಿ, ಸಂಜೆ ಹೇಗಿರುತ್ತದೆ ಎಂದು ಕೇಳುತ್ತೇನೆ. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹೊರಗೆ ಕಾಯುವವರ ಸಾಲು ಉದ್ದವಿರುತ್ತದೆ ಎಂಬುದು ನನಗೆ ಗೊತ್ತು. ಆದರೂ ಕೇಳುತ್ತೇನೆ.

ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾದಾಗ ಎಸ್. ತಪಾಸಣೆಗೆ ಬಂದಿದ್ದರು. ಒಟ್ಟು ಅಂಕ 13ರಲ್ಲೇ ಇತ್ತು, ಕೈ ಮೂರರಲ್ಲೇ. ಮುಷ್ಟಿಯ ಪರೀಕ್ಷೆ ಮಾಡಿದೆ, ಹದಿಮೂರು ಬಂತು. ನಾನು ಬರೆದುಕೊಳ್ಳುತ್ತಿದ್ದಂತೆ ಅವರು ಕೈ ಎತ್ತಿ ತಡೆದರು. "ಇದು ಬೆಳಗಿನ ಕೈ 
ಮೇಡಂ. ಮಧ್ಯಾಹ್ನ ಇನ್ನೊಮ್ಮೆ ನೋಡಿ, ನಾವು ಕಾಯುತ್ತೇವೆ" ಎಂದರು. ಗಂಡ ಹೆಂಡತಿ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕುಳಿತರು. ಮಧ್ಯಾಹ್ನ ಎರಡು ಗಂಟೆಗೆ ಒಂಬತ್ತು ಬಂತು. ಎರಡು ಸಂಖ್ಯೆಗಳನ್ನೂ ಸಮಯದೊಂದಿಗೆ ಕಡತದಲ್ಲಿ ಬರೆದೆ.